ಕೈಯಲ್ಲಿರಲಿ ಎಂದು ತರಿಸಿಟ್ಟ ಕಾಗದ

ಹೋದ ತಿಂಗಳು ಹನ್ನೊಂದು ದಿನ ನನ್ನ ಮಗಳು ಭೂಮಿಯ ಮೇಲಿನ ಯಾವ ವಿಶ್ವವಿದ್ಯಾನಿಲಯಕ್ಕೂ ಸೇರಿದವಳಾಗಿರಲಿಲ್ಲ.

ಯಾರು ಹಾಗೆ ಮಾಡಿದರು? ಪರೀಕ್ಷಕರಲ್ಲ, ಅವಳು ಪಾಸಾಗಿದ್ದಳು. ಪ್ರಿನ್ಸಿಪಾಲರಲ್ಲ, ಅವಳು ಯಾರ ತಂಟೆಗೂ ಹೋದವಳಲ್ಲ. ನಾನು. ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಅಕ್ನಾಲೆಜ್‌ಮೆಂಟ್ ಸಮೇತ, ಸಂಪೂರ್ಣ ಪಿತೃವಾತ್ಸಲ್ಯದಿಂದ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಗುಂಡ್ಲುಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯ ಮೇಲೆ ಕೂತು ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ ಬರೆಯುವುದು ನನ್ನ ಉದ್ಯೋಗ. ವಾರಕ್ಕೊಮ್ಮೆ ಈ ಅಂಕಣ ಬರೆಯುವುದು ನನ್ನ ಚಟ. ಇವೆರಡರ ನಡುವೆ ಚಿಂತೆ ಮಾಡುತ್ತೇನೆ. ಬಸ್ಸು ತಡವಾದರೆ ಇನ್ನು ಬರುವುದೇ ಇಲ್ಲವೇನೋ ಎಂದು, ಹೊತ್ತಿಗೆ ಸರಿಯಾಗಿ ಬಂದರೆ ನಿನ್ನೆಯ ಬಸ್ಸೇ ಈಗ ಬಂತೇನೋ ಎಂದು. ನಲವತ್ತೆಂಟು ವರ್ಷಕ್ಕೆ ಮನುಷ್ಯನಿಗೆ ಇಷ್ಟಾದರೂ ಸಾಧನೆ ಬೇಡವೆ?

ಮಗಳು ನಾಗರತ್ನ ಮೈಸೂರಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿ ಬೇಸಗೆ ರಜಕ್ಕೆ ಮನೆಗೆ ಬಂದಿದ್ದಳು. ಬಂದವಳು ಟ್ರಂಕು ಇಳಿಸುತ್ತಲೇ ಹೇಳಿದಳು: “ಅಪ್ಪ, ಬಿ.ಎ. ಆದಮೇಲೆ ನಾನು ಲಾ ಓದುತ್ತೇನೆ.”

ನಾನು ಹೆಂಡತಿಯ ಮುಖ ನೋಡಿದೆ. ಇಂಥ ಮಾತಿಗೆ ಅಡ್ಡ ಬರುವ ಕೆಲಸ ಅವಳದು, ನಿಟ್ಟುಸಿರು ಬಿಡುವ ಕೆಲಸ ನನ್ನದು. ಆದರೆ ಅವಳು, “ಓದಲಿ ಬಿಡಿ. ನೀವು ಜಗಲಿ ಮೇಲೆ ಕೂತು ಬರೆದಿದ್ದನ್ನ ಇವಳು ಕೋರ್ಟಿನೊಳಗೆ ನಿಂತು ಹರಿದುಹಾಕಲಿ” ಎಂದುಬಿಟ್ಟಳು.

ಅಲ್ಲಿಗೆ ಲಾ ಓದುವುದು ಖಾಯಂ ಆಯಿತು. ಉಳಿದದ್ದು ಒಂದೇ ಪ್ರಶ್ನೆ. ಎಲ್ಲಿ?

ಇದನ್ನು ನಾನು ನಾಲ್ಕು ಜನರ ಹತ್ತಿರ ಕೇಳಬಾರದಿತ್ತು. ಕೇಳಿದೆ.

ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವ ನಾಯರ್ ಲೋಟ ತೊಳೆಯುತ್ತಲೇ ತೀರ್ಪು ಕೊಟ್ಟ. “ಸಾರೇ, ತಿರುವನಂತಪುರಂ. ಬೇರೆ ಎಂಥ ಆಲೋಚನೆ? ನಮ್ಮ ಕಡೆ ಪೆಣ್ಣುಂಗಳು ವಕೀಲರಲ್ಲ, ಜಡ್ಜಿಯೇ ಆಗಿದೆ. ನಿಮ್ಮ ಕಡೆ ಉಂಟೋ?” ಇಲ್ಲ ಎಂದು ಒಪ್ಪಿಕೊಂಡು, ಚಹಾ ಕುಡಿಯುವುದನ್ನೇ ಮರೆತು ಎದ್ದುಬಂದೆ.

ತೆರಕಣಾಂಬಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನನ್ನ ಭಾವಮೈದ ಪುಟ್ಟಸ್ವಾಮಿಗೆ ಈ ಮದ್ರಾಸು, ತಿರುವನಂತಪುರ ಯಾವುದೂ ಸೇರದು. ನಾನು ಮದ್ರಾಸಿನ ಹೆಸರೆತ್ತಿದ್ದೇ ತಡ, “ಅಲ್ಲ ಭಾವ, ರಾಜ್ಯ ಒಂದಾದ್ಮೇಲೆ ಕೊಳ್ಳೇಗಾಲ್ದೋರೇ ಮದ್ರಾಸ್ ಬುಟ್ಟು ನಮ್ ಸೀಮೇಗೆ ಬಂದವ್ರೆ. ನೀವು ಮಗೀನ ಅಲ್ಲೀಗೆ ಕಳುಸ್ತೀನಿ ಅಂತೀರಲ್ಲ?” ಆಮೇಲೆ ಬೆಂಗಳೂರಿನಲ್ಲಿ ಬಿ.ಎಲ್. ಕೊಡುತ್ತಾರೆ, ಪೂನಾದಲ್ಲಿ ಎಲ್‌ಎಲ್.ಬಿ. ಕೊಡುತ್ತಾರೆ ಎಂದು ನಾನು ವಿವರಿಸಿದಾಗ ಅವನು ತಕ್ಕಡಿ ಕೆಳಗಿಟ್ಟು ಗಂಭೀರನಾದ. “ಓದ್ಸದೇ ಆದ್ರೆ ಎಲ್ ಎರಡಿರೋದ್ನೇ ಓದ್ಸಿ. ಬೆಲ್ಲ ಒಂದಚ್ಚಿಗಿಂತ ಎರಡಚ್ಚು ಎಚ್ಚು ತಾನೆ?”

(ನೀವು ನಗುತ್ತೀರಿ. ಅವತ್ತು ಮಧ್ಯಾಹ್ನವೆಲ್ಲ ನನಗೂ ಅದೇ ಯೋಚನೆ. ಒಂದು ಎಲ್ ಕಡಿಮೆಯಾದರೆ ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿಯಾರೆ?)

ಚಾಮರಾಜನಗರದ ವಕೀಲ ಗುರುಬಸಪ್ಪನವರು ನನಗೆ ಹಳೆಯ ಪರಿಚಯ. ನಾನು ಬರೆದ ಪತ್ರಗಳಿಂದಲೇ ಅವರಿಗೆ ಅರ್ಧ ಕೇಸು ಎಂದು ಅವರ ತಮಾಷೆ. ತಾವು ಓದಿದ್ದು ಮದ್ರಾಸಾದ್ದರಿಂದ ಅವರಿಗೆ ಲಾ ಎಂದರೆ ಮದ್ರಾಸು. “ಎರಡನೇ ವರ್ಷದ ಬಿ.ಎ.ಗೇ ಅಲ್ಲಿಗೆ ವರ್ಗ ಮಾಡಿಸಿಬಿಡಿ. ಅಲ್ಲೇ ಪದವಿ ತಗೊಂಡರೆ ಮನೆಯ ಮಗಳ ಹಾಗೆ ಲಾ ಕಾಲೇಜಿಗೆ ಸೇರಿಸ್ಕೋತಾರೆ. ಇಲ್ಲಿ ಮುಗಿಸಿ ಹೋದರೆ ಹೊರಗಿನವಳು. ಯೋಗ್ಯತಾಪತ್ರ ತಾ, ಅದು ತಾ, ಇದು ತಾ ಅಂತಾರೆ.” ಅವರ ಜೂನಿಯರ್ ಅಲ್ಲೇ ನಿಂತಿದ್ದವರು ಬಾಗಿ ನನ್ನ ಕಿವಿಯಲ್ಲಿ, “ಬೆಳಗಾವಿ ನೋಡಿ. ರಾಜ್ಯ ಒಂದಾದ ಮೇಲೆ ಅದೂ ನಮ್ಮದೇ” ಎಂದರು.

ಮನೆಗೆ ಬಂದು ಕೆಟ್ಟ ಕರಡೊಂದರ ಹಿಂಬದಿಯಲ್ಲಿ ಪಟ್ಟಿ ಮಾಡಲು ಚೌಕದ ಮನೆಗಳನ್ನು ಗೀಚಿದೆ. ಊರು, ವರ್ಷ, ಹಾಸ್ಟೆಲು, ನಂಟರು, ರೈಲು. ಬೆಂಗಳೂರು ಹತ್ತಿರ, ಆದರೆ ಮೊದಲು ಇಲ್ಲಿಯ ಬಿ.ಎ. ಮುಗಿಯಬೇಕು. ಮದ್ರಾಸಿನಲ್ಲಿ ಹಾಸ್ಟೆಲು ಉಂಟು, ನಂಟರಿಲ್ಲ. ಪೂನಾದಲ್ಲಿ ನಂಟರುಂಟು, ಮಾತಿಲ್ಲ. ಬೆಳಗಾವಿಗೆ ರೈಲು ಎಲ್ಲೆಲ್ಲಿ ಬದಲಾಯಿಸಬೇಕೆಂದು ಗುಂಡ್ಲುಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲ. (ನಮ್ಮ ಊರಿಗೆ ರೈಲೇ ಇಲ್ಲ, ಪಾಪ ಅವರದೇನು ತಪ್ಪು?)

ಆ ಕಾಗದದಲ್ಲಿ ಎಲ್ಲ ಮನೆಗಳೂ ತುಂಬಿದವು. ನಾಗರತ್ನಳ ಇಷ್ಟಕ್ಕೊಂದು ಮನೆ ನಾನು ಗೀಚಿರಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ.

ಆದರೆ ಒಂದು ವಿಷಯ ಸ್ಪಷ್ಟವಾಯಿತು. ಬೆಂಗಳೂರು ಬಿಟ್ಟು ಬೇರೆ ಯಾವ ದಿಕ್ಕಿಗೆ ಹೋಗುವುದಾದರೂ ಮೈಸೂರಿನಿಂದ ಮೈಗ್ರೇಷನ್ ಸರ್ಟಿಫಿಕೇಟು ಬೇಕು. ವಲಸೆ ಪತ್ರ. ಅದಿಲ್ಲದೆ ಇನ್ನೊಂದು ವಿಶ್ವವಿದ್ಯಾನಿಲಯ ಬಾಗಿಲು ತೆಗೆಯುವುದಿಲ್ಲ.

ನಮ್ಮ ಜಗಲಿಯ ಪದ್ಧತಿ ನಿಮಗೆ ಗೊತ್ತಿರಲಾರದು. ಜಮೀನು ಮಾರುವ ಮಾತು ಇನ್ನೂ ಬಾಯಲ್ಲಿರುವಾಗಲೇ ನಾವು ಹಳೆಯ ಪತ್ರಗಳ ನಕಲು ತರಿಸುತ್ತೇವೆ, ಋಣಭಾರದ ಸರ್ಟಿಫಿಕೇಟು ತರಿಸುತ್ತೇವೆ. ವ್ಯಾಪಾರ ಕುದುರಿದರೆ ಕುದುರಿತು, ಬಿಟ್ಟರೆ ಬಿಟ್ಟಿತು. ಕಾಗದ ಕೈಯಲ್ಲಿರಲಿ. ತರಿಸಿಟ್ಟ ಕಾಗದ ಯಾರನ್ನೂ ಕಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಹಾಗಾಗಿ ಅರ್ಜಿ ಬರೆದೆ. ಹಾಸ್ಟೆಲಿನದೊಂದು, ವಿದ್ಯಾರ್ಥಿವೇತನದ್ದೊಂದು ಫಾರಂ ಕೂಡ ಇತ್ತು. ಮೂರನ್ನೂ ಒಟ್ಟಿಗೆ ಹಿಡಿದು ಹಿತ್ತಲಿಗೆ ಹೋದೆ. ನಾಗರತ್ನ ತಾಯಿಯ ಜೊತೆ ಹುಣಸೇಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈಯೆಲ್ಲ ಅಂಟು. “ಇಲ್ಲೊಂದು ಸೈನು, ಇಲ್ಲೊಂದು, ಇಲ್ಲೊಂದು” ಎಂದು ಬೆರಳಿಟ್ಟು ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೂರು ಕಡೆ ಸೈನು ಹಾಕಿದಳು. ಅಪ್ಪ ಬೆರಳಿಟ್ಟ ಜಾಗವಲ್ಲವೆ?

ಸರ್ಟಿಫಿಕೇಟು ಬಂತು. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗ ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದೆ. ಒಂದು ವಾರ ಯಾವ ಚಿಂತೆಯೂ ಇರಲಿಲ್ಲ. ಅದೇ ಚಿಂತೆಯಾಗಿತ್ತು.

ಬುಧವಾರ ಕಾಲೇಜಿನಿಂದ ಕಾಗದ ಬಂತು. ನಾಗರತ್ನ ಹೊಸ್ತಿಲ ಮೇಲೆ ನಿಂತು ಓದಿದಳು. ಎರಡು ಸಲ ಓದಿದಳು. ಆಮೇಲೆ ತಲೆ ಎತ್ತಿ ಕೇಳಿದಳು:

“ಅಪ್ಪ, ನಾನು ಕಾಲೇಜು ಬಿಟ್ಟಿದ್ದು ಯಾವಾಗ?”

“ಬಿಟ್ಟಿಲ್ಲ ಕಣಮ್ಮ. ಒಂದು ಕಾಗದ ತರಿಸಿಟ್ಟಿದ್ದೇನೆ, ಅಷ್ಟೆ.”

ಅಷ್ಟೆ ಆಗಿರಲಿಲ್ಲ. ವಲಸೆ ಪತ್ರ ತೆಗೆದುಕೊಂಡವರು ವಲಸೆ ಹೋದಂತೆಯೇ ಲೆಕ್ಕವಂತೆ. (ಅವರದು ನ್ಯಾಯ. ಹೊರಟುಹೋಗುತ್ತೇನೆ ಎಂದು ಬರೆದುಕೊಟ್ಟವರಿಗೆ ಎಲೆ ಹಾಕಿ ಕಾಯುತ್ತಾರೆಯೆ?) ಹೆಸರು ಹೊಡೆದುಹಾಕಿದ್ದರು. ಹಾಸ್ಟೆಲಿನ ಜಾಗ ಬೇರೆಯವರಿಗೆ ಹೋಗಿತ್ತು. ಸೇರಿಸಿಕೊಳ್ಳುವ ಕೊನೆಯ ದಿನ ಮುಂದಿನ ಗುರುವಾರ. ಅದು ತಪ್ಪಿದರೆ ಒಂದು ವರ್ಷ ಮನೆಯಲ್ಲಿ.

ಗಂಡುಮಕ್ಕಳಿಗೆ ಒಂದು ವರ್ಷ ಹೋದರೆ ಒಂದು ವರ್ಷ ಹೋಯಿತು. ಇಪ್ಪತ್ತರ ಹೆಣ್ಣುಮಗಳಿಗೆ?

ಉತ್ತರ ಮಾರನೆಯ ಬೆಳಿಗ್ಗೆಯೇ ತೆರಕಣಾಂಬಿಯ ಬಸ್ಸಿನಿಂದ ಇಳಿಯಿತು. ಸುದ್ದಿ ಅವನಿಗೆ ಹೇಗೆ ಮುಟ್ಟಿತೋ, ಪುಟ್ಟಸ್ವಾಮಿ ಬಾಳೆಹಣ್ಣಿನ ಚಿಪ್ಪು ಹಿಡಿದು ನಗುತ್ತಾ ಬಂದ. “ಒಳ್ಳೇದೇ ಆಯ್ತು ಬುಡಿ ಭಾವ. ನಂಜನಗೂಡ್ ಕಡೆ ಒಬ್ಬ ಮೇಷ್ಟ್ರವ್ನೆ, ಚಿನ್ನದಂಥ ಹುಡುಗ. ಆಷಾಢ ಕಳೀತಿದ್ದಂಗೆ ಮುಗಿಸ್ಬುಡನ. ಕಾಲೇಜೋರೇ ಬುಟ್ಟುಕೊಟ್ಟವ್ರಲ್ಲ!”

ನನ್ನ ಹೆಂಡತಿ ತಮ್ಮನಿಗೆ ಕಾಫಿ ಕೊಟ್ಟಳು. ನನಗೆ ಕೊಡಲಿಲ್ಲ.

ವಕೀಲರನ್ನೇ ಕೇಳೋಣವೆಂದು ಭಾನುವಾರ ಬೆಳಿಗ್ಗೆ ನಾನೂ ನಾಗರತ್ನಳೂ ಚಾಮರಾಜನಗರದ ಬಸ್ಸು ಹಿಡಿದೆವು. ಅವಳು ಕಿಟಕಿಯ ಕಡೆ ಕೂತಳು. ತೊಡೆಯ ಮೇಲೆ ಬಟ್ಟೆಯ ಚೀಲ. ನಾನು ದಾರಿಯುದ್ದ ಮಾತಾಡಿದೆ. ಮದ್ರಾಸಿನ ಸೆಕೆ, ಬೆಳಗಾವಿಯ ಚಳಿ, ಪೂನಾದ ನಂಟರ ಜೊತೆ ರಾಜಿಯಾಗುವ ಸಾಧ್ಯತೆ. ತೆರಕಣಾಂಬಿ ದಾಟಿತು. ಅವಳು “ಹೂಂ” ಎನ್ನಲಿಲ್ಲ, “ಉಹೂಂ” ಎನ್ನಲಿಲ್ಲ.

ಗುರುಬಸಪ್ಪನವರು ಸರ್ಟಿಫಿಕೇಟು ನೋಡಿ ಗಟ್ಟಿಯಾಗಿ ನಕ್ಕರು. “ಇನ್ನೇನು ಗೊಂದಲ? ದಾರಿ ತಾನಾಗೇ ಬಿದ್ದಿದೆಯಲ್ಲ! ಮೈಸೂರು ಮುಗೀತು. ಕಾಗದ ಕೈಯಲ್ಲಿದೆ. ಮಂಗಳವಾರ ಮದ್ರಾಸಿಗೆ ಹೊರಡಿ. ನನ್ನ ಸ್ನೇಹಿತರಿಗೊಂದು ಪತ್ರ ಕೊಡ್ತೀನಿ.”

ನಾಚಿಕೆಯಿಂದ ಹೇಳುತ್ತೇನೆ, ನನಗೆ ಹಾಯೆನಿಸಿತು. ನಿರ್ಧಾರ ಮಾಡಲಾಗದವನಿಗೆ ತಪ್ಪೊಂದು ಬಂದು ನಿರ್ಧಾರ ಮಾಡಿಕೊಟ್ಟರೆ ಎಂಥ ಸುಖ ಗೊತ್ತೆ? ಕೂಡಲೇ ರೈಲಿನ ಹೊತ್ತು ಕೇಳಿದೆ. ಹಾಸ್ಟೆಲಿನ ಊಟ ಕೇಳಿದೆ. ತಮಿಳು ಬಾರದವಳು ಜಟಕಾದವನೊಡನೆ ಹೇಗೆ ಚೌಕಾಸಿ ಮಾಡಿಯಾಳು ಎಂದೂ ಕೇಳಿದೆ. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಸೇರಿ ಅವಳ ಮುಂದಿನ ಮೂರು ವರ್ಷವನ್ನು ಕಟ್ಟಿ ನಿಲ್ಲಿಸಿದೆವು.

“ಅಪ್ಪ, ನನ್ನ ಹೆಸರಲ್ಲಿ ಕಳಿಸಿದ ಅರ್ಜಿಯ ನಕಲು ಇದೆಯಾ?”

ನಾಗರತ್ನ. ಬೆಳಗಿನಿಂದ ಅವಳಾಡಿದ ಮೊದಲ ಮಾತು.

ಇಲ್ಲದೆ ಇರುತ್ತದೆಯೆ? ನಾನು ಅಗಸರ ಚೀಟಿಗೂ ನಕಲು ಇಡುವವನು. ತೆಗೆದುಕೊಟ್ಟೆ. ಇಂಗ್ಲಿಷಿನಲ್ಲಿದ್ದುದನ್ನು ಅವಳು ಕನ್ನಡ ಮಾಡುತ್ತಾ ನಿಧಾನವಾಗಿ ಓದಿದಳು. “ಅರ್ಜಿದಾರಳು ತನ್ನ ಸ್ವಂತ ಇಚ್ಛೆಯಿಂದ ಈ ವಿಶ್ವವಿದ್ಯಾನಿಲಯವನ್ನು ಬಿಟ್ಟು ಬೇರೆಡೆಗೆ ಹೋಗಲು ಬಯಸಿರುವುದರಿಂದ...” ಇಲ್ಲಿ ನಿಲ್ಲಿಸಿದಳು.

“ಅರ್ಜಿದಾರಳು ಯಾರಪ್ಪ?”

“ನೀನೇ.”

“ಇದನ್ನ ನನಗೆ ಯಾರು ಓದಿ ಹೇಳಿದರು?”

“ಬಿ.ಎ. ಓದುವವಳಿಗೆ ಓದಿ ಹೇಳಬೇಕೇನಮ್ಮ?”

“ಹೆಬ್ಬೆಟ್ಟು ಒತ್ತೋರಿಗೆ ಓದಿ ಹೇಳ್ತೀರಾ?”

ಗುರುಬಸಪ್ಪನವರು ಕೆಮ್ಮಿದರು. ನಮ್ಮ ಕಸುಬಿನ ಒಳಗು ಅವರಿಗೆ ಗೊತ್ತು. ಪ್ರತಿ ಪತ್ರದ ಕೊನೆಗೆ ಒಂದು ಸಾಲು ಬರೆಯುತ್ತೇವೆ: ‘ಓದಿಸಿ ಕೇಳಿ, ಸರಿಯೆಂದು ಒಪ್ಪಿ ಮಾಡಿದ ರುಜು.’ ಸಂತೆಯ ದಿನ ಜನ ಮುತ್ತಿಕೊಂಡಿರುವಾಗ ಯಾರು ಓದುತ್ತಾರೆ, ಯಾರು ಕೇಳುತ್ತಾರೆ? ಸಾಲು ಮಾತ್ರ ತಪ್ಪದೆ ಬೀಳುತ್ತದೆ. ಕೈಗೆ ಅಭ್ಯಾಸ.

“ಹೇಳುತ್ತೇನೆ” ಎಂದೆ. ಅವಳು ನೋಡುತ್ತಲೇ ಇದ್ದಳು. “ಕೆಲವು ಸಲ” ಎಂದೆ.

ಅವಳು ವಕೀಲರ ಕಡೆ ತಿರುಗಿದಳು. “ಸಾರ್, ಓದಿ ಹೇಳದೆ ಮಾಡಿಸಿದ ರುಜು ನಿಲ್ಲುತ್ತದೆಯೆ?”

ಅವರಿಗೆ ಈಗ ಹುರುಪು ಬಂದಿತ್ತು. “ಸಾಬೀತು ಮಾಡಿದರೆ ನಿಲ್ಲೋದಿಲ್ಲ. ಯಾರು ಸಾಬೀತು ಮಾಡ್ತಾರಮ್ಮ?”

“ಬರೆದವರೇ ಒಪ್ಪಿಕೊಂಡರೆ?”

“ಬರೆದವರು ಒಪ್ಪಿಕೊಂಡದ್ದನ್ನ ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ನಾನು ನೋಡಿಲ್ಲ.”

ನಾಗರತ್ನ ಅವರ ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡಳು. ನಮ್ಮಿಬ್ಬರನ್ನೂ ಮರೆತವಳ ಹಾಗೆ ಬರೆಯತೊಡಗಿದಳು. ಸರ್ಟಿಫಿಕೇಟನ್ನು ಎಲ್ಲಿಯೂ ಉಪಯೋಗಿಸಿಲ್ಲ, ಇದರೊಂದಿಗೆ ಹಿಂದಿರುಗಿಸಿದೆ. ಒಳಗಿನ ವಿಷಯ ತಿಳಿಯದೆ ಸಹಿ ಮಾಡಿದ್ದು. ಹೆಸರನ್ನು ಮತ್ತೆ ಸೇರಿಸಬೇಕು. ಮುಗಿಸಿ, ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟು, ಪೆನ್ನನ್ನು ನನ್ನ ಕಡೆ ಚಾಚಿದಳು. “ಇಲ್ಲಿ ನೀವು ಬರೀಬೇಕು.”

ನಾನು ಪೆನ್ನು ಹಿಡಿದೆ. ಅದು ಕದಲಲಿಲ್ಲ.

ಒಂದೊಂದಾಗಿ ಚಿಂತೆಗಳು ಬಂದು ಸಾಲಾಗಿ ಕೂತವು. ಈ ಕಾಗದ ಫೈಲಿಗೆ ಸೇರುತ್ತದೆ. ಫೈಲನ್ನು ಯಾರೋ ಓದುತ್ತಾರೆ. ಆ ಯಾರೋ ಒಬ್ಬರಿಗೆ ಗುಂಡ್ಲುಪೇಟೆಯಲ್ಲಿ ಅತ್ತೆಮನೆ ಇರುತ್ತದೆ. ಆಮೇಲೆ ಜಗಲಿಯ ಮೇಲೆ ನನ್ನ ಜಾಗ ಉಳಿಯುತ್ತದೆಯೆ? ‘ಓದಿಸಿ ಕೇಳಿ’ ಎಂದು ಜೀವನವಿಡೀ ಬರೆದವನು ಓದಲಿಲ್ಲ ಎಂದು ಹೇಗೆ ಬರೆಯುವುದು?

ಗುರುಬಸಪ್ಪನವರಿಗೆ ಕನಿಕರವಾಯಿತು. “ಅಷ್ಟೆಲ್ಲ ಯಾಕಮ್ಮ? ‘ತಪ್ಪು ತಿಳಿವಳಿಕೆಯಿಂದ’ ಅಂತ ಒಂದು ಮಾತು ಹಾಕಿ. ಸಾಕು.”

“ಯಾರ ತಪ್ಪು ತಿಳಿವಳಿಕೆ ಸಾರ್? ಅರ್ಜಿದಾರಳದ್ದಾ?”

ಅವರು ಮಸಿಕುಡಿಕೆಯನ್ನು ನನ್ನ ಕಡೆ ತಳ್ಳಿದರು. (ಇಂಥ ಬಾಯಿಗೆ ಎಲ್ ಎಷ್ಟಿದ್ದರೇನು ಎಂದು ನನಗೆ ಆಗಲೇ ಅನ್ನಿಸಿದ್ದು.)

ಬರೆದೆ. ‘ಸದರಿ ಅರ್ಜಿಯನ್ನು ನನ್ನ ಮಗಳಿಗೆ ಓದಿ ಹೇಳದೆ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿಸಿರುತ್ತೇನೆ.’ ಒಂದೇ ಸಾಲು. ಇಪ್ಪತ್ತು ಪುಟದ ಪಾಲುಪಟ್ಟಿ ಬರೆದಾಗಲೂ ನನ್ನ ಬೆರಳು ಇಷ್ಟು ನೋಯುವುದಿಲ್ಲ.

ಅವಳು ಕಾಗದ ಮಡಿಸಿ ಚೀಲದಲ್ಲಿಟ್ಟಳು. ಆಗ ನೋಡಿದೆ, ಚೀಲದೊಳಗೆ ಎರಡು ಸೀರೆ ಇದ್ದವು. ಮಧ್ಯಾಹ್ನದ ರೈಲಿಗೆ ಮೈಸೂರಿಗೆ ಹೋಗುತ್ತಾಳಂತೆ, ಗೆಳತಿಯ ಮನೆಯಲ್ಲಿ ಇಳಿಯುತ್ತಾಳಂತೆ. ಅವಳ ತಾಯಿಗೆ ಗೊತ್ತಿತ್ತಂತೆ.

“ನಾನೂ ಬರುತ್ತೇನೆ” ಎಂದೆ.

“ಬೇಡಪ್ಪ. ಅರ್ಜಿದಾರಳು ಹೋದರೆ ಸಾಕು.”

ಗುರುವಾರ ಕಳೆಯಿತು. ಶುಕ್ರವಾರವೂ ಕಳೆಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಕಂಡು ದಾರಿ ಬದಲಾಯಿಸತೊಡಗಿದ. ಶನಿವಾರ ಒಂದು ಕಾರ್ಡು ಕೊಟ್ಟು ಓಡಿದ. ‘ಸೇರಿಸಿಕೊಂಡರು. ಹಾಸ್ಟೆಲಿನಲ್ಲಿ ಬೇರೆ ರೂಮು ಸಿಕ್ಕಿದೆ, ಕಿಟಕಿ ಇಲ್ಲ. ಲಾ ಎಲ್ಲಿ ಎಂಬುದನ್ನು ಬಿ.ಎ. ಆದಮೇಲೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾವ ಕಾಗದವನ್ನೂ ತರಿಸಬೇಡಿ.’ ಅವಳ ತಾಯಿ ಕಾರ್ಡನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ನನಗೂ ಕಾಫಿ ಬಂತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿದಿದ್ದರೆ ನಾನು ನೆಮ್ಮದಿಯಾಗಿ ಬೇರೊಂದು ಚಿಂತೆ ಹಿಡಿಯುತ್ತಿದ್ದೆ.

ಮಂಗಳವಾರ ಹಂಗಳದ ಮಾದೇಗೌಡ ತಂಗಿಯನ್ನು ಕರೆದುಕೊಂಡು ಜಗಲಿಗೆ ಬಂದ. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು ಎಂದು ಹೊಸ ಕಾನೂನು ಬಂದಾಗಿನಿಂದ ಅಣ್ಣತಮ್ಮಂದಿರಿಗೆ ತಂಗಿಯರ ನೆನಪು ಹೆಚ್ಚಾಗಿದೆ. ಬಸ್ಸಿನಲ್ಲಿ ಕರೆತರುತ್ತಾರೆ, ಕಾಫಿ ಕುಡಿಸುತ್ತಾರೆ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಈ ವರ್ಷ ನಾನು ಬರೆದದ್ದೆಲ್ಲ ಹೆಚ್ಚುಕಡಿಮೆ ಅದೇ.

ಮಾದೇಗೌಡನ ಪತ್ರವನ್ನೂ ಬರೆದೆ. ಕೊನೆಯ ಸಾಲಿಗೆ ಬಂದೆ. ‘ಓದಿಸಿ ಕೇಳಿ’ ಎಂಬಲ್ಲಿ ಕೈ ನಿಂತಿತು. ಏನು ಮಾಡಲಿ? ಹಾಳೆ ಎತ್ತಿಕೊಂಡು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದೆ.

“ಅದ್ಯಾಕ್ ಸ್ವಾಮಿ ಒತ್ತು ಕಳೀತೀರಿ?” ಎಂದ ಮಾದೇಗೌಡ. “ಒಂದ್ ಗಂಟೆ ಬಸ್ಸು ಒಂಟೋಯ್ತದೆ. ಒತ್ತುಸ್ಕೊಂಡ್ ಬುಡಿ.”

“ಓದಿ ಹೇಳಬೇಕು ಗೌಡರೆ.”

“ನಮ್ ದೊಡ್ಡಪ್ಪನ ಮಗಂಗೆ ಬರ್ದಾಗ ಓದ್ನಿಲ್ಲ. ಈಗೇನು ಒಸ್ದು?”

ನಾನು ಓದುತ್ತಾ ಹೋದೆ. ತಂಗಿ ಚಿಕ್ಕತಾಯಮ್ಮ ಮಸಿ ಹತ್ತಿದ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು ಕೂತಿದ್ದಳು. ‘ಸಂಪೂರ್ಣ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ’ ಎಂಬಲ್ಲಿ ಅವಳು ಕೇಳಿದಳು:

“ಏನ್ ಬುಟ್ಕೊಟ್ಟೆ ಅಂತ ಬರ್ದೀರಿ ಸ್ವಾಮಿ?”

“ನಿಮ್ಮಪ್ಪನ ಜಮೀನಿನಲ್ಲಿ ನಿಮ್ಮ ಪಾಲನ್ನ.”

“ನಂಗೂ ಪಾಲದಾ?”

ಅವಳು ಅಣ್ಣನ ಕಡೆ ತಿರುಗಿದಳು. “ಅಣ್ಣೋ, ಸೀರೆ ತಕ್ಕೊಡ್ತೀನಿ ಬಾ ಅಂತ ತಾನೆ ಕರ್ಕ ಬಂದೆ?”

“ಏ, ಅದೆಲ್ಲ ಕಾಗ್ದದ ಮಾತು ಕಣಮ್ಮಿ. ಒತ್ತು ಒತ್ತು.”

“ಕಾಗ್ದದ ಮಾತಾದ್ರೆ ಮನೇಲಿ ಕೇಳ್ಕ ಬತ್ತೀನಿ ತಡಿ.” ಅವಳು ಹೆಬ್ಬೆರಳನ್ನು ಜಗಲಿಯ ಕಂಬಕ್ಕೆ ಒರೆಸಿ, ಸೆರಗು ಹೊದ್ದು, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮಾದೇಗೌಡ ನನ್ನನ್ನೇ ನೋಡಿದ. “ಎಂಥ ಕೆಲ್ಸ ಮಾಡ್ಬುಟ್ರಿ ಸ್ವಾಮೇರೆ. ಅಣ್ಣತಂಗೀರ ಮಧ್ಯೆ ಉಳಿ ಇಂಡ್ಬುಟ್ರಲ್ಲ” ಎಂದು ತಂಗಿಯ ಹಿಂದೆ ಓಡಿದ.

ಅಂದಿನಿಂದ ಜಗಲಿಯ ಆ ತುದಿಯ ಬರಹಗಾರರ ಮುಂದೆ ಜನ ಜಾಸ್ತಿ. ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಇನ್ನೂ ಬಗೆಹರಿದಿಲ್ಲ. ಅಣ್ಣತಂಗಿ ಹೇಗಿದ್ದಾರೋ ತಿಳಿಯದು. ಕೇಳಿದ ಮೇಲೂ ಅವಳು ನಗುನಗುತ್ತಲೇ ಬಿಟ್ಟುಕೊಡುತ್ತಿದ್ದಳೇನೋ. ಬಿಡುತ್ತಿರಲಿಲ್ಲವೇನೋ. ಇಷ್ಟು ವರ್ಷ ನಾನು ಯಾರನ್ನೂ ಕೇಳಲೇ ಇಲ್ಲವಲ್ಲ.

ಓದಿ ಹೇಳದೆ ಮಾಡಿಸಿದ ಒಂದು ರುಜುವನ್ನು ಹಿಂದಕ್ಕೆ ಕೇಳಲು ನನ್ನ ಮಗಳಿಗೆ ಮೈಸೂರಿನಲ್ಲಿ ಒಂದು ಕಚೇರಿಯಿತ್ತು. ಹಾಗೆಯೇ ಒತ್ತಿಸಿಕೊಂಡ ಅಷ್ಟೂ ಹೆಬ್ಬೆಟ್ಟುಗಳಿಗಾಗಿ ನಾನು ಯಾವ ಕಚೇರಿಗೆ ಅರ್ಜಿ ಹಾಕಲಿ?